ಬಾಣಂತಿಯರ ಮಾನಸಿಕ ಆರೋಗ್ಯ ಕಲಿಸಲು ಸಿಮ್ಯುಲೇಷನ್ ಬೇಕಾ, ವಾರ್ಡ್ ಸಾಲದಾ?

ವಾರ್ಡ್ ಸಾಲದು. ಸಿಮ್ಯುಲೇಷನ್, ಅಂದರೆ ನಿಜದಂಥ ಸನ್ನಿವೇಶ ಕಟ್ಟಿ ಅದರಲ್ಲಿ ಕಲಿಸುವುದು, ಬೇಕೇ ಬೇಕು. ನಾನು ವಿಜಯಪುರದಲ್ಲಿ ನರ್ಸಿಂಗ್ ಪಾಠ ಮಾಡುತ್ತೇನೆ. ನಮ್ಮಲ್ಲಿ ಬಾಣಂತಿಯರಿಗೇನೂ ಕೊರತೆ ಇಲ್ಲ. ಆದರೆ ಸಹಜ ಹೆರಿಗೆಯಾದವರು ಎರಡು ಮೂರು ದಿನಕ್ಕೆ ತವರಿಗೆ ಹೊರಡುತ್ತಾರೆ. ಮೊದಲ ವಾರದ ಸುಮ್ನೆ ಬರುವ ಅಳು ಎರಡು ವಾರದೊಳಗೆ ತಾನೇ ಇಳಿಯುತ್ತದೆ. ಇಳಿಯದೆ ಉಳಿದರೆ ಖಿನ್ನತೆ ಇರಬಹುದು. ಅಷ್ಟೊತ್ತಿಗೆ ಅವಳು ಊರಲ್ಲಿರುತ್ತಾಳೆ, ವಿದ್ಯಾರ್ಥಿಯ ಕಣ್ಣಿಗೆ ಬೀಳುವುದೇ ಇಲ್ಲ. ಬಿದ್ದರೂ, 'ಸಾಯಬೇಕು ಅನಿಸುತ್ತದಾ?' ಎಂದು ಜೀವನದಲ್ಲಿ ಮೊದಲ ಸಲ ಕೇಳುವುದನ್ನು ನೊಂದ ತಾಯಿಯ ಮೇಲೆ ಕಲಿಯುವುದು ಸರಿಯಲ್ಲ ಅಲ್ವಾ?

ಬಾಗಲಕೋಟೆಯ ನಿಮ್ಮ ಕಾಲೇಜು ವಿಆರ್ ಕನ್ನಡಕ (ಹಾಕಿಕೊಂಡರೆ ಬೇರೊಂದು ಜಾಗದಲ್ಲೇ ಇದ್ದಂತೆ ತೋರಿಸುವುದು) ಕೊಳ್ಳಬೇಕಾ ಎಂದೂ ಕೇಳಿದ್ದೀರಿ. ದುಡ್ಡಿದ್ದರೆ ಕೊಳ್ಳಲಿ. ಆದರೆ ಅದರಲ್ಲಿ ಬರುವ ಪರದೇಶದ ಮನೆ, ಇಂಗ್ಲಿಷ್ ಮಾತು ನಮ್ಮ ಹುಡುಗಿಯರಿಗೆ ಅಷ್ಟಾಗಿ ತಟ್ಟುವುದಿಲ್ಲ. ನಾವು ಒಂದು ಕೋಣೆಯಲ್ಲೇ ಮಾಡುತ್ತೇವೆ. ಹೊರಸು, ಕೌದಿ, ತೊಟ್ಟಿಲಲ್ಲಿ ಗೊಂಬೆ, ಕೂಸಿನ ಅಳುವಿಗೆ ಮೊಬೈಲ್. ಬಾಣಂತಿಯಾಗಿ ನಾಟಕ ಮಾಡಿ ಗೊತ್ತಿರುವ ಹೆಣ್ಣುಮಗಳು. ಪಕ್ಕದಲ್ಲಿ ಅವಳ ಅವ್ವ ಇರಲೇಬೇಕು, ಇದು ನನ್ನ ಹಟ. ಯಾಕಂದರೆ ನಮ್ಮ ಕಡೆ ಬಾಣಂತಿಯನ್ನು ಕೇಳಿದರೆ ಅವ್ವನೇ ಉತ್ತರ ಕೊಡುತ್ತಾಳೆ. 'ಆರಾಮ ಅದಾಳ್ರಿ, ನಿದ್ದಿ ಇಲ್ಲ ಅಷ್ಟ' ಅಂತಲೋ, 'ಗಾಳಿ ಬಡದದ್ರಿ' ಅಂತಲೋ. ಆ ಹಿರಿಯಳ ಮನಸ್ಸು ನೋಯದಂತೆ ಮಗಳೊಬ್ಬಳ ಜೊತೆ ಮಾತಾಡಲು ವಿದ್ಯಾರ್ಥಿನಿ ದಾರಿ ಮಾಡಿಕೊಳ್ಳಬೇಕು. 'ಯವ್ವಾ, ಒಂದೀಟ ಬಿಸಿನೀರ ಕಾಸಿ ತರ್ತೀರೇನ್ರಿ?' ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಾಗ ನನಗೆ ತುಂಬಾ ಖುಷಿಯಾಯಿತು.

ಆಮೇಲೆ ಬಾಣಂತಿಯರಲ್ಲಿ ಖಿನ್ನತೆ ಇದೆಯಾ ಎಂದು ನೋಡುವ ಎಡಿನ್‌ಬರೋ ಪ್ರಶ್ನಾವಳಿ. 1987ರದು, 10 ಪ್ರಶ್ನೆ, ಒಟ್ಟು 30 ಅಂಕ. ಕೊನೆಯದು ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯದು. ವಿದ್ಯಾರ್ಥಿಗಳೆಲ್ಲರೂ ಅಲ್ಲಿ ದನಿ ತಗ್ಗಿಸಿ ಗಡಿಬಿಡಿ ಮಾಡುತ್ತಾರೆ. ಅದನ್ನೇ ಮತ್ತೆ ಮತ್ತೆ ಕೇಳಿಸುತ್ತೇನೆ. ಒಟ್ಟು ಅಂಕ ಕಡಿಮೆ ಇದ್ದರೂ ಅಲ್ಲಿ ಹೌದು ಅಂದರೆ ಅವಳನ್ನು ಒಬ್ಬಳೇ ಬಿಡಬಾರದು, ಅವತ್ತೇ ಡಾಕ್ಟರಿಗೆ ತಿಳಿಸಬೇಕು. ನಿದ್ದೆಯೇ ಇಲ್ಲದೆ, ತಲೆಬುಡವಿಲ್ಲದ ಮಾತು, ಮನೆಯವರ ಮೇಲೆ ಅನುಮಾನ ಇದ್ದರೆ ಅದು ಸೈಕೋಸಿಸ್, ಅಂದರೆ ನಿಜ ಯಾವುದು ಭ್ರಮೆ ಯಾವುದು ತಿಳಿಯದಂತಾಗುವ ತೀವ್ರ ಮಾನಸಿಕ ಕಾಯಿಲೆ, ಇರಬಹುದು. ಸಾವಿರ ಹೆರಿಗೆಗೆ ಒಂದೋ ಎರಡೋ, ಆದರೆ ತುರ್ತು. ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್, ತಾಯಿ-ಮಗುವನ್ನು ಒಟ್ಟಿಗೇ ಇಟ್ಟುಕೊಳ್ಳುವ ಬೆಂಗಳೂರಿನ ನಿಮ್ಹಾನ್ಸ್ ಘಟಕ, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416 ಇವೆಲ್ಲ ವಿದ್ಯಾರ್ಥಿಗಳ ಬಾಯಲ್ಲಿರಬೇಕು.

ಆಟ ಹತ್ತು ನಿಮಿಷದ್ದಾದರೆ ಆಮೇಲಿನ ಮಾತುಕತೆ ಅದರ ಎರಡು ಪಟ್ಟು ಇರಲಿ. ಅದನ್ನು ಬಿಟ್ಟರೆ ಉಳಿದದ್ದು ಬರೀ ನಾಟಕ. ಮನೆಯಲ್ಲಿ ಅಕ್ಕನಿಗೋ ಅವ್ವನಿಗೋ ಹೀಗಾಗಿದ್ದ ಹುಡುಗಿಯರು ಇರುತ್ತಾರೆ. ಮೊದಲೇ ಹೇಳಿಬಿಡಿ, ಬೇಡ ಅಂದವರು ಹೊರಗೆ ಕೂರಲಿ.

ಈ ಸನ್ನಿವೇಶದ ಕಥೆ ಬರೆಯಲು ಆಶಾ ಕಾರ್ಯಕರ್ತೆಯರನ್ನು ಕರೆಯಿರಿ. ಹೆರಿಗೆಯಾದ 42ನೇ ದಿನದವರೆಗೂ ಮನೆಗೆ ಹೋಗುವವರು ಅವರು. ಯಾವ ಮನೆಯಲ್ಲಿ ಯಾರು ಏನನ್ನುತ್ತಾರೆ ಎಂಬುದು ನಮಗಿಂತ ಅವರಿಗೇ ಜಾಸ್ತಿ ಗೊತ್ತು.