ಬ್ಯಾಕ್ಟೀರಿಯಾಗೆ ಆಂಟಿಬಯಾಟಿಕ್ ಒಗ್ಗೋಗೋದನ್ನ ವಿಕಾಸ ಅಂತ ಯಾಕೆ ಕರೀತಾರೆ?

ನೀವು ಕೇಳಿರೋದು ಇಷ್ಟು ತಾನೆ: ಆಂಟಿಬಯಾಟಿಕ್ ತಗೊಂಡೂ ತಗೊಂಡೂ ಬ್ಯಾಕ್ಟೀರಿಯಾಗೆ ಅಭ್ಯಾಸ ಆಗಿಬಿಡುತ್ತೆ, ನಮಗೆ ಖಾರ ಅಭ್ಯಾಸ ಆದ ಹಾಗೆ, ಇದರಲ್ಲಿ ವಿಕಾಸ ಎಲ್ಲಿಂದ ಬಂತು, ಕೊನೆಗೂ ಬ್ಯಾಕ್ಟೀರಿಯಾ ಬ್ಯಾಕ್ಟೀರಿಯಾನೇ ಅಲ್ವಾ ಅಂತ. ಜೊತೆಗೆ ಔಷಧಿ ನಿಲ್ಲಿಸಿಬಿಟ್ರೆ ಅವು ಮೊದಲಿನ ಥರ ಆಗ್ತವಾ ಅಂತ.

ನಾನು ಡಾಕ್ಟರ್ ಅಲ್ಲ. ಮೈಸೂರಲ್ಲಿ ಬಿಎಸ್ಸಿ ಮೈಕ್ರೋಬಯಾಲಜಿ ಓದಿ, ಆಮೇಲೆ ಡಿ.ಫಾರ್ಮ ಮಾಡ್ಕೊಂಡು, ಈಗ ಮಂಡ್ಯದಲ್ಲಿ ಮಾವನ ಮೆಡಿಕಲ್ ಸ್ಟೋರ್ ನೋಡ್ಕೋತಿದೀನಿ. "ಹೋದ್ಸಲ ಕೊಟ್ಟಿದ್ಯಲ್ಲಪ್ಪ ಆ ಕ್ಯಾಪ್ಸೂಲು, ಅದು ಮೈಗೆ ಒಗ್ಗೋಗ್ಬುಟ್ಟದೆ, ಇನ್ನೂ ಸ್ಟ್ರಾಂಗಾಗಿರೋದು ನಾಕು ಕೊಡು" ಅಂತ ಕೇಳೋರು ದಿನಾ ಇರ್ತಾರೆ. ಈ "ಒಗ್ಗೋಗೋದು" ಅನ್ನೋ ಪದದಲ್ಲೇ ಎಡವಟ್ಟು ಇರೋದು. ಒಗ್ಗೋಗೋದು ನಮ್ಮ ಮೈಗಲ್ಲ, ಸರಿ, ಅದು ಬಹಳ ಜನಕ್ಕೆ ಗೊತ್ತು. ಆದ್ರೆ ಒಂದೊಂದು ಬ್ಯಾಕ್ಟೀರಿಯಾಗೂ ಅದು ಒಗ್ಗೋಗಲ್ಲ ರೀ. ಔಷಧಿ ತಾಗಿದ್ದು ಸಾಯುತ್ತೆ, ಮೊದಲೇ ತಡೆಯೋ ಗುಣ ಇದ್ದಿದ್ದು ಉಳಿಯುತ್ತೆ, ಅಷ್ಟೇ. ಬದಲಾಗೋದು ಗುಂಪು.

ನಮ್ಮದು ವಿ.ಸಿ. ನಾಲೆ ನೀರಿನ ಗದ್ದೆ, ಅಲ್ಲಿಂದಾನೇ ಹೇಳ್ತೀನಿ. ಭತ್ತದ ಮಧ್ಯೆ ಒಂದು ಕಳೆ ಹುಲ್ಲು ಬರುತ್ತೆ, ನೋಡೋಕೆ ಥೇಟ್ ಭತ್ತದ ಪೈರೇ. ನಮ್ಮವ್ವ ಎಲೆ ಬಗ್ಗಿಸಿ ತೋರಿಸೋಳು, ಎಲೆ ದಂಟಿಗೆ ಸೇರೋ ಕಡೆ ಭತ್ತಕ್ಕೆ ತೆಳ್ಳಗೆ ಒಂದು ಪೊರೆ ಇರುತ್ತೆ, ಆ ಹುಲ್ಲಿಗೆ ಇರಲ್ಲ, ಅದನ್ನ ನೋಡಿ ಕೀಳ್ಬೇಕು ಅಂತ. ಯಾಕೆ ಆ ಹುಲ್ಲು ಭತ್ತದ ವೇಷ ಹಾಕಿದೆ? ಹುಲ್ಲು ಯೋಚನೆ ಮಾಡಿ ಹಾಕಿಲ್ಲ. ಸಾವಿರಾರು ವರ್ಷದಿಂದ ಜನ ಕಣ್ಣಿಗೆ ಬಿದ್ದ ಕಳೇನ ಕಿತ್ತು ಬದುಗೆ ಬಿಸಾಕ್ತಾನೇ ಬಂದ್ರು, ಸ್ವಲ್ಪ ಭತ್ತದ ಥರ ಕಂಡಿದ್ದು ಕಣ್ತಪ್ಪಿಸಿಕೊಂಡು ಬೀಜ ಉದುರಿಸ್ತು, ಮುಂದಿನ ವರ್ಷ ಅದರ ಮಕ್ಕಳೇ ಜಾಸ್ತಿ. ಅಂದ್ರೆ ಕಳೆ ಕೀಳೋ ಕೈಗಳೇ ಆ ಹುಲ್ಲನ್ನ ಆರಿಸಿ ಬೆಳೆಸಿದ್ದು. ಇದನ್ನೇ ವಿಕಾಸ ಅನ್ನೋದು, ಕೋತಿ ಮನುಷ್ಯ ಆಗೋ ಚಿತ್ರ ಬೇಕಾಗಿಲ್ಲ ಇದಕ್ಕೆ.

"ಅದೆಲ್ಲ ಸರಿ, ಬ್ಯಾಕ್ಟೀರಿಯಾ ಔಷಧಿ ನೋಡಿದ ಮೇಲೇನೇ ಬದಲಾಗಿರಬಹುದಲ್ಲ" ಅಂತ ನಿಮಗೆ ಅನ್ನಿಸಬಹುದು. ಹಿಂದೆ ವಿಜ್ಞಾನಿಗಳಿಗೂ ಇದೇ ಜಗಳ ಇತ್ತು. 1952ರಲ್ಲಿ ಜೋಶುವಾ ಮತ್ತು ಎಸ್ತರ್ ಲೆಡರ್‌ಬರ್ಗ್ ಅಂತ ಗಂಡ ಹೆಂಡ್ತಿ ಒಂದು ಪ್ರಯೋಗ ಪ್ರಕಟಿಸಿದ್ರು, ನಂಗೆ ಕಾಲೇಜಲ್ಲಿ ಓದಿದ್ರಲ್ಲೆಲ್ಲ ಅತಿ ಇಷ್ಟ ಆಗಿದ್ದು ಅದೇ. ಔಷಧಿ ಇಲ್ಲದ ಒಂದು ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸಿ, ಅದರ ಮೇಲೆ ಮಖಮಲ್ ಬಟ್ಟೆ ಒತ್ತಿ, ಆ ಬಟ್ಟೇನ ರಬ್ಬರ್ ಸ್ಟಾಂಪ್ ಹೊಡೆಯೋ ಹಾಗೆ ಸ್ಟ್ರೆಪ್ಟೋಮೈಸಿನ್ ಅನ್ನೋ ಆಂಟಿಬಯಾಟಿಕ್ ಹಾಕಿರೋ ತಟ್ಟೆಗಳ ಮೇಲೆ ಒತ್ತಿದ್ರು. ಹೆಚ್ಚುಕಮ್ಮಿ ಎಲ್ಲಾ ಸತ್ತವು, ಅಲ್ಲೊಂದು ಇಲ್ಲೊಂದು ಚುಕ್ಕಿ ಬೆಳೀತು, ಅದೂ ಎಲ್ಲಾ ನಕಲು ತಟ್ಟೆಗಳಲ್ಲೂ ಅದೇ ಅದೇ ಜಾಗದಲ್ಲಿ. ಔಷಧಿ ಕಂಡು ಕಲಿತಿದ್ರೆ ಒಂದೊಂದು ತಟ್ಟೆಯಲ್ಲಿ ಒಂದೊಂದು ಕಡೆ ಬೆಳೀಬೇಕಿತ್ತು. ಮೊದಲನೇ ತಟ್ಟೆಗೆ ವಾಪಸ್ ಹೋಗಿ ಆ ಜಾಗದಿಂದಾನೇ ಬ್ಯಾಕ್ಟೀರಿಯಾ ಎತ್ತಿಕೊಂಡು ನೋಡಿದ್ರು, ಔಷಧಿಯ ವಾಸನೆಯೂ ತಾಗದೇ ಇದ್ದವು ಅವು, ಆದ್ರೂ ಔಷಧಿ ತಡೆಯೋವು ಅಲ್ಲಿ ಆಗಲೇ ಇದ್ವು. ಡಿಎನ್‌ಎ ನಕಲು ಆಗುವಾಗ ಆದ ತಪ್ಪು ಅದು, ಔಷಧಿ ಬರೋಕೆ ಮುಂಚೆನೇ ಆಗಿದ್ದ ತಪ್ಪು.

ನಮ್ಮ ತಾತಂಗೆ ಟಿಬಿ ಆಗಿ ಮೈಸೂರಿನ ಪಿಕೆಟಿಬಿ ಸ್ಯಾನಟೋರಿಯಂನಲ್ಲಿ ತಿಂಗಳುಗಟ್ಟಲೆ ಇದ್ರು, ಇಂಜೆಕ್ಷನ್ ಜೊತೆಗೆ ಮುಷ್ಟಿ ಮಾತ್ರೆನೂ ಯಾಕೆ ಅಂತ ಗೊಣಗ್ತಿದ್ರಂತೆ. ಅದಕ್ಕೂ ಉತ್ತರ ಇದೇನೇ. ಬ್ರಿಟನ್‌ನಲ್ಲಿ 1948ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಟಿಬಿ ರೋಗಿಗಳಿಗೆ ಸ್ಟ್ರೆಪ್ಟೋಮೈಸಿನ್ ಒಂದನ್ನೇ ಕೊಟ್ಟಿದ್ರು. ಆರು ತಿಂಗಳಲ್ಲಿ ಔಷಧಿ ತಗೊಂಡ 55 ಜನರಲ್ಲಿ ಸತ್ತಿದ್ದು 4 ಜನ, ತಗೊಳ್ಳದ 52ರಲ್ಲಿ 14. ನೋಡಿದ್ರೆ ಗೆದ್ದ ಹಾಗೇ ಕಾಣ್ತಿತ್ತು. ಐದು ವರ್ಷ ಬಿಟ್ಟು ಲೆಕ್ಕ ಹಾಕಿದ್ರೆ ಮೊದಲ ಗುಂಪಲ್ಲಿ 32, ಎರಡನೇದ್ರಲ್ಲಿ 35. ವ್ಯತ್ಯಾಸ ಬಹುಪಾಲು ಕರಗಿಹೋಗಿತ್ತು, ಯಾಕಂದ್ರೆ ಬಹಳ ಜನರ ಮೈಯಲ್ಲಿ ಔಷಧಿ ತಡೆಯೋ ಟಿಬಿ ಕ್ರಿಮಿನೇ ಉಳಿದು ಬೆಳೆದಿತ್ತು. ಲೆಕ್ಕ ಸಿಂಪಲ್: ಐಸೋನಿಯಾಜಿಡ್ ಅನ್ನೋ ಟಿಬಿ ಔಷಧಿ ತಡೆಯೋ ಕ್ರಿಮಿ ಸುಮಾರು 10 ಲಕ್ಷಕ್ಕೆ ಒಂದು, ರಿಫಾಂಪಿಸಿನ್ ಅನ್ನೋ ಇನ್ನೊಂದನ್ನ ತಡೆಯೋದು 10 ಕೋಟಿಗೆ ಒಂದು, ಶ್ವಾಸಕೋಶದ ಒಂದು ಕುಳಿಯಲ್ಲೇ 10 ಕೋಟಿ ಕ್ರಿಮಿ ಇರಬಹುದು, ಹಾಗಾಗಿ ಒಂದೇ ಔಷಧಿ ಕೊಟ್ರೆ ತಪ್ಪಿಸಿಕೊಳ್ಳೋದು ಹೆಚ್ಚುಕಮ್ಮಿ ಇದ್ದೇ ಇರುತ್ತೆ. ಎರಡನ್ನೂ ಒಟ್ಟಿಗೆ ತಡೆಯೋದು ಬೇಕು ಅಂದ್ರೆ ಕೋಟಿ ಕೋಟಿಗೆ ಒಂದು, ಅಷ್ಟು ಕ್ರಿಮಿ ಮೈಯಲ್ಲೇ ಇರಲ್ಲ. ವಿಕಾಸನ ನಂಬದವರ ಮನೇಲೂ ಟಿಬಿ ಬಂದ್ರೆ ಕೊಡೋದು ಈ ಲೆಕ್ಕದ ಮಾತ್ರೆನೇ, ಇದು ಸುಮ್ನೆ ಹೇಳಿದೆ.

ಗದ್ದೆ ಹೋಲಿಕೆ ಒಂದು ಕಡೆ ಮುರಿಯುತ್ತೆ. ಹುಲ್ಲು ತನ್ನ ಗುಣನ ಪಕ್ಕದ ಬೇರೆ ಗಿಡಕ್ಕೆ ದಾಟಿಸಲ್ಲ, ಬ್ಯಾಕ್ಟೀರಿಯಾ ದಾಟಿಸುತ್ತೆ. ಪ್ಲಾಸ್ಮಿಡ್ ಅಂತ ಉಂಗುರದ ಥರ ಡಿಎನ್‌ಎ ಚೂರು, ಅದರಲ್ಲಿ ಪೆನಿಸಿಲಿನ್ ಕತ್ತರಿಸೋ ಎಂಜೈಮಿನ ಜೀನ್ ಇದ್ರೆ ಬೇರೆ ಜಾತಿಗೂ ಹೋಗಬಹುದು. ನೆಗಡಿ ವೈರಸ್ಸಿಗೆ ಆಂಟಿಬಯಾಟಿಕ್ ನುಂಗಿದ್ರೆ ನೆಗಡಿಗೆ ಏನೂ ಆಗಲ್ಲ, ಕರುಳಲ್ಲಿರೋ ಬಡಪಾಯಿ ಬ್ಯಾಕ್ಟೀರಿಯಾಗಳಲ್ಲಿ ಈ ಆಯ್ಕೆ ನಡೆದುಬಿಡುತ್ತೆ. 2014ರಿಂದ ಶೆಡ್ಯೂಲ್ ಎಚ್1 ಔಷಧಿಗಳಿಗೆ, ಅಂದ್ರೆ ಡಾಕ್ಟರ್ ಚೀಟಿ ಇದ್ರೇನೇ ಮಾರಬೇಕಾದ ಕೆಲವು ಆಂಟಿಬಯಾಟಿಕ್ ಎಲ್ಲ ಇರೋ ಸರ್ಕಾರಿ ಪಟ್ಟಿಯವಕ್ಕೆ, ನಾವು ಬೇರೆ ರಿಜಿಸ್ಟರ್ ಬರೀಬೇಕು, ಚೀಟಿ ಇಲ್ದೆ ಕೊಡಲ್ಲ ಅಂದ್ರೆ ನಂಗೇ ಬೈಗುಳ, ಇರಲಿ ಬಿಡಿ.

"ಬ್ಯಾಕ್ಟೀರಿಯಾ ಬ್ಯಾಕ್ಟೀರಿಯಾನೇ" ಅನ್ನೋದಕ್ಕೆ: ಬ್ಯಾಕ್ಟೀರಿಯಾ ಒಂದು ಜಾತಿಯ ಹೆಸರಲ್ಲ, ಅದರೊಳಗಿನ ಎಷ್ಟೋ ಗುಂಪುಗಳ ನಡುವಿನ ಸಂಬಂಧದ ದೂರ ಮನುಷ್ಯನಿಗೂ ರಾಗಿ ಪೈರಿಗೂ ಇರೋ ದೂರಕ್ಕಿಂತ ಕಮ್ಮಿ ಏನಲ್ಲ. ಪ್ರಾಣಿ ಪ್ರಾಣಿಯಾಗೇ ಉಳೀತು ಅಂದ ಹಾಗಾಯ್ತು ಅದು.

ಇನ್ನು ಔಷಧಿ ನಿಲ್ಲಿಸಿದ್ರೆ ಅನ್ನೋದು. ತಡೆಯೋ ಗುಣಕ್ಕೆ ಎಷ್ಟೋ ಸಲ ಬೆಲೆ ತೆರಬೇಕು, ನಿಧಾನ ಬೆಳೆಯುತ್ತೆ, ಹಾಗಾಗಿ ಔಷಧಿ ಇಲ್ಲದ ಕಡೆ ಸಾಮಾನ್ಯದವು ಮತ್ತೆ ಮೇಲುಗೈ ಆಗಬಹುದು. ಆದ್ರೆ ಗ್ಯಾರಂಟಿ ಇಲ್ಲ. ಆ ನಷ್ಟಾನ ತುಂಬಿಕೊಡೋ ಇನ್ನೊಂದು ಮ್ಯುಟೇಶನ್, ಅಂದ್ರೆ ಡಿಎನ್‌ಎಯಲ್ಲಿ ಇನ್ನೊಂದು ಬದಲಾವಣೆ, ಬಂದ್ರೆ ಔಷಧಿ ಇರಲಿ ಬಿಡಲಿ ಅವು ಹಾಯಾಗಿ ಇರ್ತವೆ, ಪೂರ್ತಿ ಮಾಯ ಆಗೋದು ಕಮ್ಮಿ, ಅದೇ ಔಷಧಿ ಮತ್ತೆ ಬಂದ ದಿನ ಮತ್ತೆ ಅವೇ ಗದ್ದೆ ತುಂಬ.