ರಾಷ್ಟ್ರೀಯ ನೀತಿಯಿಂದ ನಿತ್ಯದ ಸೈಕಲ್ ಬಳಕೆ ಹೆಚ್ಚೀತೇ?

ಕೇಂದ್ರ ಸರ್ಕಾರ ರಾಷ್ಟ್ರೀಯ ನೀತಿಯೊಂದನ್ನು ತಂದರೆ ನಮ್ಮ ನಗರಗಳ ಜನ ಕೆಲಸಕ್ಕೆ ಸೈಕಲ್ಲಿನಲ್ಲಿ ಹೋದಾರೇ ಎಂದು ಕೇಳಿದ್ದೀರಿ. ನೀತಿ ಈಗಾಗಲೇ ಇದೆ. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯು ವಾಹನಗಳಿಗಿಂತ ಜನರ ಸಂಚಾರಕ್ಕೆ ಆದ್ಯತೆ ಇರಬೇಕೆಂದೂ ಸೈಕಲ್ಲಿಗೆ ಪ್ರತ್ಯೇಕ ಪಥ ಬೇಕೆಂದೂ ಸ್ಪಷ್ಟವಾಗಿಯೇ ಹೇಳಿದೆ. ಕೊರತೆ ಇರುವುದು ನೀತಿಯಲ್ಲಲ್ಲ, ಹಣದ ಜೊತೆಗೆ ಹಾಕಬೇಕಾದ ಷರತ್ತಿನಲ್ಲಿ ಎಂಬುದು ಧಾರವಾಡದಿಂದ ಬಂದು ಪುಣೆಯಲ್ಲಿ ನೆಲೆಸಿ, ಇಂದಿಗೂ ಸೈಕಲ್ಲಿನಲ್ಲಿಯೇ ಕೆಲಸಕ್ಕೆ ಹೋಗುವ ನನ್ನ ಅಭಿಪ್ರಾಯ.

ಪುಣೆಯ ಉದಾಹರಣೆಯನ್ನೇ ತೆಗೆದುಕೊಳ್ಳಿ. ಒಂದು ಕಾಲಕ್ಕೆ ಸೈಕಲ್ಲುಗಳ ಊರೆಂದೇ ಹೆಸರಾಗಿದ್ದ ಇಲ್ಲಿ, ನಗರಗಳಿಗೆ ಕೇಂದ್ರ ಅನುದಾನ ಕೊಡುತ್ತಿದ್ದ ನೆಹರೂ ನಗರ ನವೀಕರಣ ಯೋಜನೆಯ ಕಾಲದಲ್ಲಿ ಸ್ವಾರಗೇಟ್–ಕಾತ್ರಜ್ ರಸ್ತೆಯಲ್ಲಿ ಬಸ್ಸುಗಳಿಗೆ ಪ್ರತ್ಯೇಕ ಮಾರ್ಗ ಮಾಡಿದಾಗ ಪಕ್ಕದಲ್ಲಿ ಸೈಕಲ್ ಪಥವೂ ಬಂದಿತು. ಆದರೆ ಇಲ್ಲಿನ ಸೈಕಲ್ ಪಥಗಳು ಉದ್ದಕ್ಕೂ ಒಂದೇ ಸಮನೆ ಸಾಗುವುದು ಅಪರೂಪ. ಒಂದೆಡೆ ಸ್ಕೂಟರುಗಳು ನಿಂತಿರುತ್ತವೆ, ಇನ್ನೊಂದೆಡೆ ಪೇವರ್ ಬ್ಲಾಕುಗಳು ಎದ್ದಿರುತ್ತವೆ, ಅಪಘಾತದ ಭಯ ಹೆಚ್ಚಿರುವ ಚೌಕದ ಬಳಿಯಲ್ಲಂತೂ ಪಥವೇ ಮುಗಿದು ಸವಾರ ಬಸ್ಸು, ಟ್ರಕ್ಕುಗಳ ನಡುವೆ ನುಸುಳಬೇಕಾಗುತ್ತದೆ. ಮಕ್ಕಳನ್ನು ಇಂಥ ದಾರಿಯಲ್ಲಿ ಯಾವ ತಂದೆತಾಯಿ ಕಳಿಸುತ್ತಾರೆ? 2017ರಲ್ಲಿ ನಗರಕ್ಕೊಂದು ಸಮಗ್ರ ಸೈಕಲ್ ಯೋಜನೆಯೂ ಮಂಜೂರಾಯಿತು. ಅದೇ ಹೊತ್ತಿಗೆ ಬಂದ ಬಾಡಿಗೆ ಸೈಕಲ್ಲುಗಳು ಹೆಚ್ಚು ಕಾಲ ಉಳಿಯಲಿಲ್ಲ.

ನಗರದ ರಸ್ತೆಗಳು ರಾಜ್ಯ ಮತ್ತು ಪಾಲಿಕೆಗಳ ವ್ಯಾಪ್ತಿಗೆ ಬರುವುದರಿಂದ ದೆಹಲಿಯಲ್ಲಿ ಕುಳಿತು ಆಜ್ಞೆ ಹೊರಡಿಸಿ ಹೆಚ್ಚಿನದೇನನ್ನೂ ಸಾಧಿಸಲಾಗದು. ಕೇಂದ್ರದ ಕೈಯಲ್ಲಿರುವ ನಿಜವಾದ ಹಿಡಿತ ಅನುದಾನ. ಇದಕ್ಕೆ ಮಾದರಿಯೂ ಇದೆ. 2017ರ ಮೆಟ್ರೊ ರೈಲು ನೀತಿಯ ಪ್ರಕಾರ, ನಿಲ್ದಾಣಗಳ ಸುತ್ತಣ 5 ಕಿಲೋಮೀಟರ್ ವ್ಯಾಪ್ತಿಯಲ್ಲಿ ಪೂರಕ ಬಸ್ಸುಗಳಿಗೂ, ನಡೆಯುವ ಮತ್ತು ಸೈಕಲ್ ತುಳಿಯುವ ದಾರಿಗಳಿಗೂ ಹಣ ಹೂಡುವುದಾಗಿ ರಾಜ್ಯಗಳು ಯೋಜನಾ ವರದಿಯಲ್ಲಿಯೇ ಒಪ್ಪಿಕೊಳ್ಳಬೇಕು. ಒಪ್ಪಿದ್ದನ್ನು ಮಾಡಿ ಮುಗಿಸುವವರೆಗೆ ಕೊನೆಯ ಕಂತನ್ನು ತಡೆಹಿಡಿಯುವಂತಾದರೆ, ಮತ್ತು ಮೇಲ್ಸೇತುವೆಗಳ ಅನುದಾನಕ್ಕೂ ಅದೇ ನಿಯಮ ಅನ್ವಯಿಸಿದರೆ, ಬದಲಾವಣೆ ಕಣ್ಣಿಗೆ ಕಂಡೀತು.

ಬೆಲೆಯ ವಿಚಾರ ಇದಕ್ಕೆ ಹೋಲಿಸಿದರೆ ಸಣ್ಣದು. 2025ರ ಸೆಪ್ಟೆಂಬರಿನಲ್ಲಿ ಸೈಕಲ್ಲಿನ ಮೇಲಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದದ್ದು ಒಳ್ಳೆಯದೇ, ಆದರೆ ಸೈಕಲ್ ಇದ್ದೂ ಅದನ್ನು ಹೊರಗೆ ತೆಗೆಯದವರಿಗೆ ಅದರಿಂದ ಪ್ರಯೋಜನವಿಲ್ಲ. ಅಂಥವರಿಗೆ ನೆದರ್ಲೆಂಡ್ಸ್‌ನ ಪದ್ಧತಿ ಹೆಚ್ಚು ಉಪಯುಕ್ತ. ಸೈಕಲ್ಲಿನಲ್ಲಿ ಬರುವ ನೌಕರರಿಗೂ ಅಲ್ಲಿನ ಮಾಲೀಕರು ಕಿಲೋಮೀಟರಿಗೆ ಇಷ್ಟೆಂದು ತೆರಿಗೆರಹಿತ ಭತ್ಯೆ ಕೊಡಬಹುದು. ಆದಾಯ ತೆರಿಗೆ ಕೇಂದ್ರದ್ದೇ ಆದ್ದರಿಂದ ಇಷ್ಟನ್ನು ಮಾಡಲು ಯಾವ ರಾಜ್ಯದ ಒಪ್ಪಿಗೆಗೂ ಕಾಯಬೇಕಿಲ್ಲ.