ಆಫೀಸಿನ ಎಲ್ಲ ಮೇಲ್‌ಗಳನ್ನೂ ಎಐನಿಂದಲೇ ಬರೆಸುತ್ತೇನೆ, ಇದು ತಪ್ಪಾ?

ನಿಮ್ಮ ಪ್ರಶ್ನೆ ಓದಿ ನನ್ನದೇ ಕಥೆ ಅನ್ನಿಸಿತು. ಎರಡು ಸಾಲಿನ ಮೇಲ್‌ಗೂ ಚಾಟ್‌ಜಿಪಿಟಿ ತೆರೆಯುತ್ತೀರಿ, ನೆಟ್ ಹೋದ ದಿನ ಕೈಯೇ ಓಡಲಿಲ್ಲ ಎಂದು ಬರೆದಿದ್ದೀರಿ. ತಪ್ಪೇನಲ್ಲ. ಆದರೆ ಏನನ್ನು ಅದಕ್ಕೆ ಬಿಡಬೇಕು, ಏನನ್ನು ಬಿಡಬಾರದು ಎಂಬುದು ನನಗೆ ಗೊತ್ತಾಗಿದ್ದು ಮರ್ಯಾದೆ ಹೋದ ಮೇಲೆ.

ನಾನು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೆಕ್ಕಪತ್ರ ನೋಡುತ್ತೇನೆ. ಓದಿದ್ದೆಲ್ಲ ಕನ್ನಡ ಮೀಡಿಯಂ. ಇಂಗ್ಲಿಷ್ ಮೇಲ್ ಅಂದರೆ ಮೊದಲು ಎದೆ ಡವಡವ. ಹಾಗಾಗಿ 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದಾಗ ದೇವರೇ ಬಂದ ಹಾಗಾಯಿತು.

ಒಮ್ಮೆ ಹಳೆಯ ಗ್ರಾಹಕರೊಬ್ಬರ ಬಿಲ್ ಬಾಕಿ ಇತ್ತು. 'ಪೇಮೆಂಟ್ ರಿಮೈಂಡರ್ ಬರೆ, ಸ್ವಲ್ಪ ಗಟ್ಟಿಯಾಗಿರಲಿ' ಎಂದೆ. ಚೆಂದದ ಪತ್ರ ಬಂತು. 'ನಮ್ಮ ಒಪ್ಪಂದದ 7ನೇ ಷರತ್ತಿನ ಪ್ರಕಾರ 45 ದಿನದೊಳಗೆ ಹಣ ಕೊಡಬೇಕಿತ್ತು, ಇನ್ನು ಮೇಲೆ ಶೇ 18 ಬಡ್ಡಿ' ಅಂತೆಲ್ಲ ಇತ್ತು. ಓದಿಯೂ ಓದದ ಹಾಗೆ ಕಳಿಸಿಬಿಟ್ಟೆ. ಹತ್ತು ನಿಮಿಷಕ್ಕೆ ಫೋನ್. 'ಏನ್ರೀ, ನಮ್ಮಿಬ್ಬರ ಮಧ್ಯೆ ಅಗ್ರಿಮೆಂಟ್ ಯಾವಾಗ ಆಯ್ತು?'

ಆಗಿಯೇ ಇರಲಿಲ್ಲ! ಎಲ್ಲ ಬಾಯಿ ಮಾತಿನ ವ್ಯವಹಾರ. ಆಮೇಲೆ ಕೂತು ನಮ್ಮಂಥ ಸಣ್ಣ ಉದ್ದಿಮೆಗಳಿಗಿರುವ ಎಂಎಸ್‌ಎಂಇ ಕಾಯ್ದೆ ಓದಿದೆ. 2006ರ ಆ ಕಾಯ್ದೆಯಲ್ಲಿ 45 ದಿನ ಅಂತ ಇರುವುದು ನಿಜ, ಆದರೆ ಅದು ಲಿಖಿತ ಒಪ್ಪಂದ ಇದ್ದಾಗಿನ ಗರಿಷ್ಠ ಗಡುವು. ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ಬಡ್ಡಿ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ರೇಟಿನ ಮೂರು ಪಟ್ಟು, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಅಂದರೆ ಚಾಟ್‌ಜಿಪಿಟಿ ಬರೆದುಕೊಟ್ಟ ಷರತ್ತೂ ಸುಳ್ಳು, ದಿನದ ಲೆಕ್ಕವೂ ತಪ್ಪು, ಬಡ್ಡಿಯೂ ತಪ್ಪು. ಭಾಷೆ ಮಾತ್ರ ವಕೀಲರದ್ದೇ.

ವಕೀಲರೇ ಇದಕ್ಕೆ ಸಿಕ್ಕಿಬಿದ್ದಿದ್ದಾರೆ ಬಿಡಿ. 2023ರಲ್ಲಿ ನ್ಯೂಯಾರ್ಕ್‌ನಲ್ಲಿ ಇಬ್ಬರು ವಕೀಲರು ಚಾಟ್‌ಜಿಪಿಟಿ ಹುಟ್ಟಿಸಿಕೊಟ್ಟ, ಇಲ್ಲದ ತೀರ್ಪುಗಳನ್ನು ಕೋರ್ಟಿಗೆ ಸಲ್ಲಿಸಿದರು. 5,000 ಡಾಲರ್ ದಂಡ ಬಿತ್ತು. ಚಾಟ್‌ಜಿಪಿಟಿಗೆ ಗೊತ್ತಿಲ್ಲದ ಜಾಗ ಬಂದರೆ ಎಷ್ಟೋ ಸಲ ಖಾಲಿ ಬಿಡುವುದಿಲ್ಲ, ಅಲ್ಲಿ ಹೊಂದುವಂಥದ್ದೇನನ್ನೋ ತುಂಬಿಬಿಡುತ್ತದೆ. ನಾನು ಹೇಳದೆ ಬಿಟ್ಟ ಜಾಗ ಬೇಕಾದಷ್ಟಿತ್ತು ನೋಡಿ.

ಈಗ ಮೊದಲು ವಿಷಯವನ್ನು ನಾನೇ ಬರೆಯುತ್ತೇನೆ. ಯಾರಿಗೆ, ಏನಾಗಿದೆ, ನಮಗೇನು ಬೇಕು, ಯಾವತ್ತಿಗೆ. ಕಂಗ್ಲಿಷ್‌ನಲ್ಲಾದರೂ ಸರಿ. ಆಮೇಲೆ 'ಇಂಗ್ಲಿಷ್ ಮಾತ್ರ ತಿದ್ದು, ಹೊಸದಾಗಿ ಏನೂ ಸೇರಿಸಬೇಡ' ಎನ್ನುತ್ತೇನೆ. ಆದರೂ ಕೆಲವು ಸಲ ಸೇರಿಸುತ್ತದೆ! ಅದಕ್ಕೇ ಇನ್‌ವಾಯ್ಸ್ ನಂಬರ್, ತಾರೀಕು, ಮೊತ್ತ, ಹೆಸರು ಇಷ್ಟನ್ನು ಬಿಲ್ ಪಕ್ಕದಲ್ಲಿಟ್ಟು ನೋಡದೆ ಸೆಂಡ್ ಒತ್ತುವುದಿಲ್ಲ. 'ಐ ಹೋಪ್ ದಿಸ್ ಇಮೇಲ್ ಫೈಂಡ್ಸ್ ಯು ವೆಲ್' ಕಂಡರೆ ಅಳಿಸುತ್ತೇನೆ. ದಿನಾ ಫೋನಿನಲ್ಲಿ ಮಾತಾಡುವವರಿಗೆ ಅದೆಲ್ಲ ಯಾಕೆ?

ಕನ್ನಡದ ನೋಟಿಸ್ ಅಂತೂ ಅದಕ್ಕೆ ಕೊಡಲೇಬೇಡಿ. ನಮ್ಮ ಶೆಡ್‌ಗೆ ಒಂದು ಬರೆಸಿದ್ದೆ. 'ಕಾರ್ಯಸ್ಥಳದಲ್ಲಿ ಸುರಕ್ಷತಾ ಪಾದರಕ್ಷೆಗಳ ಬಳಕೆಯು ಕಡ್ಡಾಯವಾಗಿರುತ್ತದೆ ಎಂಬುದನ್ನು ದಯವಿಟ್ಟು ಗಮನಿಸಿ.' ನಮ್ಮ ಸೂಪರ್‌ವೈಸರ್ ಅದನ್ನು ಕಿತ್ತು ಮಾರ್ಕರ್‌ನಲ್ಲಿ ಬರೆದರು: 'ಸೇಫ್ಟಿ ಶೂ ಇಲ್ಲದೆ ಒಳಗೆ ಬರಬೇಡಿ.'

ಇನ್ನೊಂದು, ಗ್ರಾಹಕರ ಡ್ರಾಯಿಂಗ್, ರೇಟು, ಸಂಬಳದ ಪಟ್ಟಿ ಅದರೊಳಗೆ ಹಾಕಬೇಡಿ. 2023ರಲ್ಲಿ ಸ್ಯಾಮ್‌ಸಂಗ್ ಸಿಬ್ಬಂದಿ ಕಂಪನಿಯ ಕೋಡ್ ಹಾಕಿದ್ದು ಗೊತ್ತಾಗಿ ಕಂಪನಿ ಇಂಥ ಟೂಲ್‌ಗಳ ಬಳಕೆಯನ್ನೇ ನಿಲ್ಲಿಸಿತ್ತು. ನಮ್ಮ ಹಣಕಾಸು ಸಚಿವಾಲಯವೂ 2025ರ ಜನವರಿಯಲ್ಲಿ ಆಫೀಸಿನ ಕಂಪ್ಯೂಟರ್‌ಗಳಲ್ಲಿ ಎಐ ಟೂಲ್ ಬಳಸಬೇಡಿ ಎಂದು ಸಿಬ್ಬಂದಿಗೆ ಹೇಳಿತು.

ಕೈ ಓಡದಿರುವುದಕ್ಕೆ ನಾನು ಕಂಡುಕೊಂಡಿದ್ದು ಇಷ್ಟೇ: ರಜೆ ಕೇಳುವ ಮೇಲ್, ಕ್ಷಮೆ ಕೇಳುವ ಮೇಲ್ ಎರಡನ್ನೂ ಸುಮ್ನೆ ನಾನೇ ಬರೆಯುತ್ತೇನೆ. ಹಾಗೆ ಮೊದಲು ಬರೆದ ಕ್ಷಮೆಯ ಮೇಲ್ ಆ ಹಳೆಯ ಗ್ರಾಹಕರಿಗೇ. ಐದು ಸಾಲು, ಎರಡು ಸ್ಪೆಲ್ಲಿಂಗ್ ತಪ್ಪು. ವಾಟ್ಸ್‌ಆ್ಯಪ್‌ನಲ್ಲಿ ಉತ್ತರ ಬಂತು: 'ಆಯ್ತು ಬಿಡಿ, ಶುಕ್ರವಾರ ಅರ್ಧ ಹಾಕ್ತೀನಿ.'